ಚೀನದ ಬೇರು, ನಮ್ಮ ಕೀಲು

ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ತ್ರಿಭುವನತಿಲಕ ಚೂಡಾಮಣಿಯೆಂದು ಹೆಸರುಗೊಂಡ ಈ ಚೈತ್ಯಾಲಯದ ಕೆಲಸ ೧೪೩೦ರಲ್ಲಿ ಮೊದಲಾಯಿತು. ಹೋದವರೆಲ್ಲರೂ ಕಂಬಗಳನ್ನು ನೋಡುತ್ತಾರೆ. ಒಂದರ ಕೆತ್ತನೆಯಂತೆ ಇನ್ನೊಂದರದಿಲ್ಲವೆಂದು ಬೆರಗಾಗುತ್ತಾರೆ. ಮುಂದಿನ ಸಲ ಹೋದಾಗ ನೀವು ದೃಷ್ಟಿಯನ್ನು ಸ್ವಲ್ಪ ಕೆಳಗಿಳಿಸಿ ಜಗಲಿಯ ಕಲ್ಲನ್ನು ನೋಡಬೇಕು. ಅಲ್ಲಿ ನಮ್ಮ ಕಾಡಿನವಲ್ಲದ ಎರಡು ಪ್ರಾಣಿಗಳಿವೆ. ಒಂದು ಆಫ್ರಿಕದ ಜಿರಾಫೆ. ಇನ್ನೊಂದು, ಬಳುಕುವ ಮೈಯ ಚೀನದ ಡ್ರ್ಯಾಗನ್ ಎಂದು ಬಲ್ಲವರು ತೋರಿಸುವ ಮೃಗ.

ನಮ್ಮ ಶಿಲ್ಪಿಗೆ ಚೀನದ ಮೃಗದ ಪರಿಚಯವಾದುದು ಹೇಗೆ? ಕಡಲೇ ಉತ್ತರ. ೧೪೦೫ರಿಂದ ೧೪೩೩ರವರೆಗೆ ಚೀನದ ನೌಕಾಧಿಪತಿ ಝಂಗ್ ಹೆ ಎಂಬಾತನ ಹಡಗುಗಳು ಕಲ್ಲಿಕೋಟೆ, ಕೊಚ್ಚಿಗಳಿಗೆ ಮತ್ತೆ ಮತ್ತೆ ಬಂದವು. ಕರಾವಳಿಯ ಮೆಣಸು ಅತ್ತ ಹೋಯಿತು. ರೇಷ್ಮೆ, ಪಿಂಗಾಣಿ ಇತ್ತ ಬಂದವು. ಹೀಗೆ ಸರಕು ಸಾಗುವಲ್ಲಿ ಮದ್ದೂ ಸಾಗುತ್ತದೆ. ಚೀನದಿಂದ ನಮ್ಮ ಕಡೆಗೆ ಗಂಟುನೋವಿನ ಮದ್ದು ಬಂದ ಕಥೆಯನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಕಥೆ ಹಳೆಯದಾದರೂ ಅದರ ಅಗತ್ಯ ಹಳೆಯದಾಗಿಲ್ಲ.

ಆ ಅಗತ್ಯವೇನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬಂಟ್ವಾಳ, ಬೆಳ್ತಂಗಡಿಗಳ ಕಡೆ ಸಾವಿರಾರು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದ್ದಾರೆ. ಮೊರವನ್ನು ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟೆಂದು. ಬೆರಳು ಆಡಿದರೆ ಅನ್ನ. ನನ್ನ ತರಗತಿಯ ಹುಡುಗಿಯೊಬ್ಬಳು ವಾರಕ್ಕೆ ಎರಡು ಮೂರು ದಿನ ಶಾಲೆಗೆ ಬರುತ್ತಿರಲಿಲ್ಲ. ವಿಚಾರಿಸಲು ಮನೆಗೆ ಹೋದಾಗ ಅವಳ ತಾಯಿ ಎರಡೂ ಕೈಗಳನ್ನು ಮುಂದೆ ಚಾಚಿ, "ಬೆಳಿಗ್ಗೆ ಈ ಕೈ ನನ್ನದಲ್ಲ ಮಾಷ್ಟ್ರೇ. ಹತ್ತು ಗಂಟೆಯಾದ ಮೇಲೆ ಸ್ವಲ್ಪ ನನ್ನದಾಗುತ್ತದೆ" ಎಂದರು. ಬೆರಳಿನ ಬುಡದ ಗಂಟುಗಳು ಬಾತಿದ್ದವು. ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಬ್ರಾಂಚಿಗೆ ಒಪ್ಪಿಸಬೇಕಾದ ಬೀಡಿಯನ್ನು ಮಗಳು ಕಟ್ಟುತ್ತಿದ್ದಳು. ಎಷ್ಟು ಕಾಲದಿಂದ ಹೀಗೆಂದು ಕೇಳಿದೆ. "ನಾಲ್ಕು ವರ್ಷ. ಎಣ್ಣೆ ತಿಕ್ಕಿದೆವು, ಪುಡಿ ತಿಂದೆವು" ಎಂದರು. ಈ ನಾಲ್ಕು ವರ್ಷ ಎಂಬ ಮಾತನ್ನು ನೀವು ನೆನಪಿನಲ್ಲಿಡಬೇಕು.

ಈ ರೋಗವನ್ನು ಪಾಶ್ಚಾತ್ಯ ವೈದ್ಯಕ್ಕಾಗಿ ಪ್ರತ್ಯೇಕವಾಗಿ ಬಣ್ಣಿಸಿದವನು ಫ್ರಾನ್ಸಿನ ಲಾಂದ್ರೆ-ಬೋವೆ, ಅದು ೧೮೦೦ರಲ್ಲಿ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನಿಟ್ಟವನು ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರೊಡ್, ಅದು ೧೮೫೯ರಲ್ಲಿ. ವಯಸ್ಸಾದಂತೆ ಮೊಣಕಾಲು ಸವೆದು ಬರುವ ನೋವು ಬೇರೆ, ಇದು ಬೇರೆ. ಮೈಯನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಕೀಲಿನೊಳಗಿನ ತೆಳುಪೊರೆಯ ಮೇಲೆ ಬೀಳುತ್ತದೆ. ಪೊರೆ ಬಾತು ಬೆಳೆದು ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಬೀಡಿ ಕಟ್ಟಿದ್ದರಿಂದಲೇ ಬಂತೆನ್ನಲಾಗದು. ಆದರೆ ಬೀಡಿ ಕಟ್ಟುವವರಿಗೆ ಬಂದರೆ ಮನೆಯ ಒಲೆಗೇ ಏಟು.

ನಮ್ಮ ಪ್ರಾಚೀನರು ಇದನ್ನು ಕಂಡಿರಲಿಲ್ಲವೆ? ಕಂಡಿದ್ದರು. ಏಳು ಎಂಟನೆಯ ಶತಮಾನಗಳ ಸುಮಾರಿಗೆ ಮಾಧವಕರನು ರೋಗಲಕ್ಷಣಗಳಿಗಾಗಿಯೇ ಒಂದು ಗ್ರಂಥ ರಚಿಸಿದನು. ಮಾಧವನಿದಾನವೆಂದು ಪ್ರಸಿದ್ಧವಾದ ಆ ಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಜಠರಾಗ್ನಿ ಮಂದವಾಗಿ ಪಚನವಾಗದೆ ಉಳಿದ ರಸವೇ ಆಮ. ವಾಯುವು ಅದನ್ನು ಸಂಧಿಗಳಿಗೆ ಒಯ್ದು ನಿಲ್ಲಿಸುತ್ತದೆ. ಆಗ ಮೈ ಭಾರ, ಜ್ವರ, ಅರುಚಿ, ಕೈಕಾಲುಗಳ ಗಂಟುಗಳಲ್ಲಿ ಬಾವು, ಚೇಳು ಕುಟುಕಿದಂಥ ನೋವು ಎಂಬುದು ಅವನ ವಿವರಣೆಯ ಸಾರ. ಆಮವಾತ ಮತ್ತು ರುಮಟಾಯ್ಡ್ ರೋಗ ಎರಡೂ ಒಂದೇ ಎಂದು ಸಾಧಿಸಹೊರಡುವುದು ಸರಿಯಲ್ಲ. ಒಂದನ್ನು ಹೇಳುವ ಭಾಷೆ ದೋಷಗಳದು, ಇನ್ನೊಂದನ್ನು ಹೇಳುವ ಭಾಷೆ ಜೀವಕಣಗಳದು. ಆದರೆ ರೋಗಿಯ ಹಾಸಿಗೆಯ ಬಳಿ ಕುಳಿತು ನೋಡಿದವರ ಕಣ್ಣು ಎರಡರಲ್ಲಿಯೂ ಇದೆ.

ಚಿಕಿತ್ಸೆಯಲ್ಲಿ ನಮ್ಮ ಜನರು ಮರೆತಿರುವ ಒಂದು ಸೂಕ್ಷ್ಮವಿದೆ. ಗಂಟು ನೋಯುತ್ತದೆಂದರೆ ಸಾಕು, ಮನೆಯಲ್ಲಿ ಎಣ್ಣೆಯ ಕುಪ್ಪಿ ಹೊರಬರುತ್ತದೆ. ಆದರೆ ಆಮವಾತದ ಮೊದಲ ಹಂತಕ್ಕೆ ಚಕ್ರಪಾಣಿದತ್ತನೇ ಮೊದಲಾದವರು ಹೇಳಿದುದು ಲಂಘನ, ಅಂದರೆ ಲಘುವಾದ ಆಹಾರ, ಮತ್ತು ಬಿಸಿ ಮರಳಿನ ಗಂಟಿನಿಂದ ಒಣಶಾಖ. ಹರಳೆಣ್ಣೆಯನ್ನು ಹೊಟ್ಟೆಗೆ ಕೊಡುವುದನ್ನು ಅವರು ಹೊಗಳಿದರು. ಬಾತ ಗಂಟಿನ ಮೇಲೆ ಆಮವಿರುವಾಗಲೇ ಎಣ್ಣೆ ತಿಕ್ಕುವುದನ್ನಲ್ಲ. ಶಾಸ್ತ್ರವನ್ನು ಪೂಜಿಸುವ ನಾವು ಶಾಸ್ತ್ರದ ನಿಷೇಧವನ್ನು ಓದುವುದಿಲ್ಲ.

ಇನ್ನು ಚೀನದ ಕಡೆ ತಿರುಗೋಣ. ಕ್ರಿಸ್ತಪೂರ್ವ ಎರಡು ಒಂದನೆಯ ಶತಮಾನಗಳ ಸುಮಾರಿಗೆ ಅಲ್ಲಿ ಪೀತ ಚಕ್ರವರ್ತಿಯ ಹೆಸರಿನ ವೈದ್ಯಗ್ರಂಥವೊಂದು ಸಂಕಲಿತವಾಯಿತು. ಚೀನೀಯರು ಅದನ್ನು ಹುವಾಂಗ್ ದಿ ನೇ ಜಿಂಗ್ ಎನ್ನುತ್ತಾರೆ. ಅದರಲ್ಲಿ ಬೀ ಎಂಬ ರೋಗಕ್ಕೆ ಒಂದು ಅಧ್ಯಾಯ ಮೀಸಲು. ಬೀ ಎಂದರೆ ತಡೆ, ಅಡ್ಡಿ. ಗಾಳಿ, ಶೀತ, ತೇವ ಈ ಮೂರೂ ಕೂಡಿ ಮೈಯೊಳಗೆ ಹೊಕ್ಕು ಸಂಚಾರವನ್ನು ತಡೆದಾಗ ಈ ರೋಗ. ಗಾಳಿ ಹೆಚ್ಚಾದರೆ ನೋವು ಗಂಟಿನಿಂದ ಗಂಟಿಗೆ ಓಡಾಡುತ್ತದೆ. ಶೀತ ಹೆಚ್ಚಾದರೆ ತೀವ್ರವಾಗುತ್ತದೆ. ತೇವ ಹೆಚ್ಚಾದರೆ ಒಂದೆಡೆ ಭಾರವಾಗಿ ಕುಳಿತುಬಿಡುತ್ತದೆ. ಆಟಿ ತಿಂಗಳ ಮಳೆಯಲ್ಲಿ ಮೊಣಕಾಲು ಹಿಡಿದು ಕುಳಿತ ನಮ್ಮ ಹಿರಿಯರು ಈ ವರ್ಣನೆಯನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಹಾನ್ ರಾಜವಂಶದ ಕೊನೆಯಲ್ಲಿ, ಕ್ರಿಸ್ತಶಕ ೨೦೦ರ ಸುಮಾರಿಗೆ, ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯನು ಗಂಟುಗಳೆಲ್ಲ ನೋಯುವ ರೋಗಕ್ಕೆ ಒಂಬತ್ತು ವಸ್ತುಗಳ ಕಷಾಯವೊಂದನ್ನು ವಿಧಿಸಿದನು. ಅದರಲ್ಲಿ ದಾಲ್ಚಿನ್ನಿಯ ಜಾತಿಯ ಎಳೆಕಡ್ಡಿಯಿದೆ, ಹಸಿಶುಂಠಿಯಿದೆ, ಅತಿಮಧುರದ ಬೇರಿದೆ. ಶೋಧಿಸಿದ ವತ್ಸನಾಭಿಯ ಜಾತಿಯ ವಿಷಬೇರೂ ಇದೆ. ಈ ನಾಲ್ಕೂ ವರ್ಗದ ವಸ್ತುಗಳು ನಮ್ಮ ಪಂಡಿತರ ಮದ್ದಿನ ಪೆಟ್ಟಿಗೆಗೆ ಹೊಸವಲ್ಲ. ಎರಡು ನಾಡುಗಳ ವೈದ್ಯರು ಪರಸ್ಪರ ಕೇಳಿ ಬರೆದರೆನ್ನುವುದಕ್ಕಿಂತ, ಒಂದೇ ಬಗೆಯ ನೋವಿನ ಮುಂದೆ ಕುಳಿತು ಒಂದೇ ಬಗೆಯ ಬೇರುಗಳನ್ನು ಅರಸಿದರೆನ್ನುವುದು ಸಮಂಜಸ.

ಇವರ ಒಮ್ಮತ ಮದ್ದಿನಲ್ಲಿ ಮಾತ್ರವಲ್ಲ, ಕಾಲದ ಎಚ್ಚರದಲ್ಲಿಯೂ ಇದೆ. ಚರ್ಮದ ಮಟ್ಟದಲ್ಲಿರುವ ಬೀ ಸುಲಭವಾಗಿ ಹೋಗುತ್ತದೆ, ಸ್ನಾಯು ಎಲುಬುಗಳಲ್ಲಿ ನೆಲೆಸಿದರೆ ನೋವು ಬಹುಕಾಲ ನಿಲ್ಲುತ್ತದೆ, ಒಳಗಿನ ಅಂಗಗಳಿಗೆ ಇಳಿದರೆ ಪ್ರಾಣಕ್ಕೆ ಅಪಾಯ ಎಂಬುದು ಚೀನದ ಗ್ರಂಥದ ಅಭಿಪ್ರಾಯ. ಒಂದು ದೋಷದ ಆಮವಾತ ಸಾಧ್ಯ, ಎರಡರದು ಯಾಪ್ಯ, ಮೂರೂ ಕೂಡಿ ಮೈಯೆಲ್ಲ ಬಾತರೆ ಕಷ್ಟಸಾಧ್ಯ ಎಂಬುದು ಮಾಧವನ ನಿರ್ಣಯ. ಯಾಪ್ಯವೆಂದರೆ ಮದ್ದಿನಿಂದ ಹಿಡಿತದಲ್ಲಿಡಬಹುದಾದುದು. ತಡಮಾಡಬೇಡವೆಂದು ಇಬ್ಬರೂ ಹೇಳಿದಂತಾಯಿತು.

ಇನ್ನು ಕಡಲದಾರಿಯ ಕಥೆ. ಊರಮದ್ದಿನ ಸಾಮಾನು ಮಾರುವ ಅಂಗಡಿಗಳಲ್ಲಿ ಚೋಪಚೀನಿ ಎಂಬ ಕೆಂಬಿಳಿ ಬಣ್ಣದ ಗಟ್ಟಿ ಬೇರೊಂದು ದೊರೆಯುತ್ತದೆ. ಪರಂಗಿ ಚಕ್ಕೆಯೆಂದೂ ಇದನ್ನು ಕರೆಯುವುದುಂಟು. ಹೆಸರುಗಳೇ ಚರಿತ್ರೆಯನ್ನು ಹೇಳುತ್ತವೆ: ಒಂದು ಹೆಸರಿನಲ್ಲಿ ಚೀನವಿದೆ, ಇನ್ನೊಂದರಲ್ಲಿ ಪರಂಗಿಯವನಿದ್ದಾನೆ. ಚೀನದ ಕಾಡಿನ ಈ ಬಳ್ಳಿಯ ಬೇರು ೧೫೩೫ರ ಸುಮಾರಿಗೆ ಗೋವೆಗೆ ಬಂದಿತೆಂದು ಅಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ ಬರೆದಿದ್ದಾನೆ. ಅವನ ಗ್ರಂಥ ೧೫೬೩ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಅದೇ ಶತಮಾನದಲ್ಲಿ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಇದನ್ನು ದ್ವೀಪಾಂತರ ವಚಾ, ಅಂದರೆ ಬೇರೆ ದ್ವೀಪದ ಬಜೆ, ಎಂದು ಹೆಸರಿಸಿ ಸೇರಿಸಿಕೊಂಡನು. ವಾತರೋಗಗಳಿಗೂ ಮೈನೋವಿಗೂ ಹಿತ, ಫಿರಂಗರೋಗಕ್ಕೆ ವಿಶೇಷವಾಗಿ ಹಿತ ಎಂದನು. ಪರಂಗಿಯವರೊಡನೆ ಬಂದ ಗುಹ್ಯರೋಗಕ್ಕೆ ಅವನು ಇಟ್ಟ ಹೆಸರೇ ಫಿರಂಗ. ಪರದೇಶದ ರೋಗಕ್ಕೆ ಪರದೇಶದ ಬೇರನ್ನು ಶಾಸ್ತ್ರದೊಳಗೆ ಬರಮಾಡಿಕೊಳ್ಳಲು ನಮ್ಮ ಪಂಡಿತರು ಹಿಂಜರಿಯಲಿಲ್ಲ. ಆಯುರ್ವೇದವು ಬಾಗಿಲು ಮುಚ್ಚಿದ ಮನೆಯೆಂದು ತಿಳಿದವರಿಗೆ ಇದು ಉತ್ತರ.

ಬೇರು ಯುರೋಪಿಗೂ ಹೋಯಿತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಸಹ ಇದನ್ನು ಸೇವಿಸಿದನು. ಶರೀರಶಾಸ್ತ್ರಜ್ಞ ವೆಸಾಲಿಯಸ್ ೧೫೪೬ರಲ್ಲಿ ಈ ಬೇರಿನ ವಿಷಯವಾಗಿಯೇ ಒಂದು ಪತ್ರಗ್ರಂಥ ಬರೆದನು. ಆದರೆ ಅದರ ಮಹಿಮೆಯನ್ನು ಹೆಚ್ಚು ಕೊಂಡಾಡಲಿಲ್ಲ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಚಕ್ರವರ್ತಿಯದು ಗೌಟ್, ನಮ್ಮವರ ಭಾಷೆಯಲ್ಲಿ ವಾತರಕ್ತ. ಸೈನಿಕನದು ಫಿರಂಗರೋಗದ ಎಲುಬುನೋವು. ನಮ್ಮ ಅಜ್ಜಿಯರದು ಆಮವಾತ. ಮೂರೂ ಬೇರೆ ಬೇರೆ ರೋಗಗಳು. ಮೂವರಿಗೂ ಒಂದೇ ಬೇರು. ಬೇರು ಹಡಗಿನಲ್ಲಿ ಬಂದಿತು. ಯಾವ ನೋವಿಗೆ ಯಾವುದೆಂಬ ವಿವೇಕ ಅದರ ಜೊತೆಗೆ ಬರಲಿಲ್ಲ. ವಿವೇಕವನ್ನು ಬಿಟ್ಟು ಮದ್ದನ್ನು ಮಾತ್ರ ತರಿಸಿಕೊಳ್ಳುವ ಈ ಅಭ್ಯಾಸ ಇಂದಿಗೂ ಹೋಗಿಲ್ಲ.

ಬೇರಿನ ನಂತರ ಬಂದುದು ಸೂಜಿ. ೧೯೩೮ರಲ್ಲಿ, ಚೀನವು ಜಪಾನಿನ ಆಕ್ರಮಣಕ್ಕೆ ಸಿಕ್ಕಿದ್ದಾಗ, ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಅಲ್ಲಿಗೆ ಕಳುಹಿಸಿತು. ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು ಅವರಲ್ಲಿ ಒಬ್ಬರು. ಗಾಯಾಳುಗಳ ಸೇವೆ ಮಾಡುತ್ತಲೇ ೧೯೪೨ರ ಡಿಸೆಂಬರಿನಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಬಂಗಾಳಿ ವೈದ್ಯ ಬಿಜಯ ಕುಮಾರ ಬಸು ಅವರು ಭಾರತಕ್ಕೆ ಮರಳಿದ ಮೇಲೆ, ೧೯೫೮ರ ಸುಮಾರಿಗೆ ಮತ್ತೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು, ಅಂದರೆ ಅಕ್ಯುಪಂಕ್ಚರನ್ನು ಕಲಿತುಬಂದು, ೧೯೫೯ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಕಲ್ಕತ್ತೆಯಲ್ಲಿ ತೊಡಗಿದ ವಿದ್ಯೆ ಕಾಲಾಂತರದಲ್ಲಿ ನಮ್ಮ ಮಗ್ಗುಲಿಗೂ ಬಂದಿತು. ಬೆಳ್ತಂಗಡಿಗೆ ಸಮೀಪದ ಉಜಿರೆಯಲ್ಲಿ ೧೯೮೯ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು ಪ್ರಾರಂಭವಾಯಿತು. ಪ್ರಕೃತಿ ಚಿಕಿತ್ಸೆಯ ಪದವಿಯ ಪಾಠಕ್ರಮದಲ್ಲಿ ಅಕ್ಯುಪಂಕ್ಚರೂ ಒಂದು ವಿಷಯ. ಕಲ್ಲಿನ ಮೃಗ ಮೂಡಬಿದಿರೆಗೆ ಬಂದ ಐದೂವರೆ ಶತಮಾನಗಳ ಮೇಲೆ ಚೀನದ ಸೂಜಿ ಬೆಳ್ತಂಗಡಿ ತಾಲೂಕಿಗೆ ಬಂದಿತು.

ಸೂಜಿಯಿಂದ ಈ ರೋಗಕ್ಕೆ ಗುಣವುಂಟೆ ಎಂದು ನೀವು ಕೇಳಬಹುದು. ಸೊಂಟನೋವು, ಸವೆದ ಮೊಣಕಾಲಿನ ನೋವುಗಳಲ್ಲಿ ಕೆಲವರಿಗೆ ಉಪಶಮನವಾಗುವುದುಂಟು. ಆದರೆ ರುಮಟಾಯ್ಡ್ ರೋಗದ ವಿಷಯ ಬೇರೆ. ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ವಿದ್ವತ್ಕೂಟದವರು ೨೦೦೫ರಲ್ಲಿ ಲಭ್ಯ ಪರೀಕ್ಷೆಗಳನ್ನು ಸೋಸಿದಾಗ ಒಪ್ಪತಕ್ಕವು ಎರಡೇ ಉಳಿದವು. ಅವುಗಳಲ್ಲಿ ಒಟ್ಟು ೮೪ ರೋಗಿಗಳು. ಸಾಮಾನ್ಯ ಸೂಜಿಚಿಕಿತ್ಸೆಯಿಂದ ನೋವಿನಲ್ಲಾಗಲಿ, ಬಾತ ಗಂಟುಗಳ ಸಂಖ್ಯೆಯಲ್ಲಾಗಲಿ, ರಕ್ತಪರೀಕ್ಷೆಯಲ್ಲಾಗಲಿ ಗುಣ ಕಾಣಲಿಲ್ಲ. ಕೀಲನ್ನು ಕೊರೆಯುವ ಬಾವನ್ನು ಸೂಜಿ ನಿಲ್ಲಿಸುತ್ತದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ.

ಹಾಗಾದರೆ ಚೀನದ ವೈದ್ಯದಲ್ಲಿ ಏನೂ ಇಲ್ಲವೆನ್ನಬಹುದೆ? ಹಾಗೆನ್ನುವುದೂ ತಪ್ಪೇ. ಅಲ್ಲಿ ಲೇ ಗೊಂಗ್ ತೆಂಗ್ ಎಂಬ ಬಳ್ಳಿಯೊಂದಿದೆ; ಸಿಡಿಲದೇವನ ಬಳ್ಳಿಯೆಂದು ಅದರ ಅರ್ಥ. ರೈತರು ಹುಳುಗಳನ್ನು ಕೊಲ್ಲಲು ಬಳಸುತ್ತಿದ್ದಷ್ಟು ವಿಷ ಅದು. ಅದರ ಬೇರಿನ ಸಿಪ್ಪೆ ತೆಗೆದು ತಯಾರಿಸಿದ ಸಾರವನ್ನು ಚೀನದ ವೈದ್ಯರು ರುಮಟಾಯ್ಡ್ ರೋಗಕ್ಕೆ ಕೊಡತೊಡಗಿದರು. ೨೦೦೯ರಲ್ಲಿ ಅಮೆರಿಕದಲ್ಲಿ ೧೨೧ ರೋಗಿಗಳ ಮೇಲೆ ೨೪ ವಾರಗಳ ಪರೀಕ್ಷೆಯೊಂದರ ಫಲ ಪ್ರಕಟವಾಯಿತು: ಸಲ್ಫಸಲಜೀನ್ ಎಂಬ ಔಷಧಿಗಿಂತ ಈ ಸಾರ ಹೆಚ್ಚು ಗುಣ ತೋರಿಸಿತ್ತು, ಆದರೆ ಎರಡೂ ಗುಂಪುಗಳಲ್ಲಿ ಬಹಳ ಮಂದಿ ನಡುವೆಯೇ ಬಿಟ್ಟುಹೋಗಿದ್ದರು. ೨೦೧೪ರಲ್ಲಿ ಚೀನದಿಂದ ೨೦೭ ರೋಗಿಗಳ ಪರೀಕ್ಷೆಯೊಂದು ಬಂದಿತು. ಅದರಲ್ಲಿ ಗಣನೀಯವಾಗಿ ಗುಣವಾದವರು ಮೆಥೊಟ್ರೆಕ್ಸೇಟ್ ಮಾತ್ರ ಪಡೆದವರಲ್ಲಿ ನೂರಕ್ಕೆ ೪೬, ಬಳ್ಳಿಯ ಸಾರ ಮಾತ್ರ ಪಡೆದವರಲ್ಲಿ ೫೫, ಎರಡನ್ನೂ ಪಡೆದವರಲ್ಲಿ ೭೭. ತಾವು ಸೇವಿಸುವುದು ಯಾವುದೆಂದು ರೋಗಿಗಳಿಗೆ ತಿಳಿದಿತ್ತೆಂಬುದನ್ನೂ ಹೇಳಬೇಕು. ಅದು ಫಲದ ತೂಕವನ್ನು ಸ್ವಲ್ಪ ಇಳಿಸುತ್ತದೆ.

ಗುಣವಿದ್ದಲ್ಲಿ ದೋಷವೂ ಇದೆ. ಈ ಬಳ್ಳಿ ಹೆಂಗಸರ ಮುಟ್ಟನ್ನು ನಿಲ್ಲಿಸಬಲ್ಲುದು, ಗಂಡಸರ ಸಂತಾನಶಕ್ತಿಯನ್ನು ಕುಗ್ಗಿಸಬಲ್ಲುದು, ಯಕೃತ್ತಿಗೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲುದು. ಗಿಡಮೂಲಿಕೆ, ಆದುದರಿಂದ ನಿರಪಾಯ ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ನಮ್ಮವರಿಗೆ ಇದು ತಿಳಿಯದ ವಿಷಯವೂ ಅಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಜೈನಕವಿ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯವನ್ನೇ ಕನ್ನಡದಲ್ಲಿ ಬರೆದನು. ಬೇರಿನಲ್ಲಿ, ಎಲೆಯಲ್ಲಿ ವಿಷವಿರುತ್ತದೆ, ಅದನ್ನು ಅರಿತೇ ಕೈಹಾಕಬೇಕು ಎಂಬ ಜ್ಞಾನಕ್ಕೆ ಕನ್ನಡದಲ್ಲಿ ಆರುನೂರು ವರ್ಷ ಮೀರಿದ ಪರಂಪರೆಯಿದೆ. ಅಂಚೆಯಲ್ಲಿಯೋ ಪರದೇಶದಿಂದ ಬಂದವರ ಪೆಟ್ಟಿಗೆಯಲ್ಲಿಯೋ ಬರುವ ಚೀನೀ ಪೊಟ್ಟಣವನ್ನು ವೈದ್ಯರಿಗೆ ತೋರಿಸದೆ ಬಿಡಿಸಬೇಡಿರಿ.

ಆಯುರ್ವೇದವನ್ನೂ ಇದೇ ತಕ್ಕಡಿಯಲ್ಲಿ ತೂಗಿದ್ದಾರೆ. ಕೊಯಮತ್ತೂರಿನಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೪೩ ರೋಗಿಗಳನ್ನು ಮೂರು ಗುಂಪು ಮಾಡಿ ಆಯುರ್ವೇದ, ಮೆಥೊಟ್ರೆಕ್ಸೇಟ್, ಎರಡನ್ನೂ ಎಂದು ಕೊಟ್ಟರು. ಯಾವುದು ಯಾರಿಗೆಂದು ತಿಳಿಯದಂತೆ ಮಾಡಿದ್ದ ಈ ಪರೀಕ್ಷೆಯಲ್ಲಿ ಮೂರೂ ಗುಂಪುಗಳಿಗೆ ಸುಮಾರಾಗಿ ಒಂದೇ ಗುಣ ದೊರಕಿತು. ಸಂಖ್ಯೆ ಚಿಕ್ಕದು, ಇಷ್ಟರಿಂದಲೇ ತೀರ್ಪು ಕೊಡಲಾಗದು. ಆದರೆ ತೂಗಿ ನೋಡುವ ದಾರಿ ಉಂಟೆಂಬುದು ಸಿದ್ಧವಾಯಿತು.

ಪಾಶ್ಚಾತ್ಯ ವೈದ್ಯಕ್ಕೂ ಈ ಪಾಠ ಸುಲಭವಾಗಿ ಸಿಕ್ಕಿದುದಲ್ಲ. ೧೯೪೮ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಹಾಸಿಗೆ ಹಿಡಿದ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟನು. ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಳು. ೧೯೫೦ರಲ್ಲಿ ಅವನಿಗೂ ಅವನ ಸಹೋದ್ಯೋಗಿಗಳಿಗೂ ನೊಬೆಲ್ ಬಹುಮಾನ ಬಂದಿತು. ಆದರೆ ಹೆಚ್ಚುಕಾಲ ಕೊಟ್ಟಾಗ ಮುಖ ಊದಿತು, ಎಲುಬು ಟೊಳ್ಳಾಯಿತು, ಸಕ್ಕರೆರೋಗ ತಲೆಯೆತ್ತಿತು. ಪವಾಡದ ಬೆಲೆ ಆಗ ತಿಳಿಯಿತು. ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿ ಕೊಡುವ ಮೆಥೊಟ್ರೆಕ್ಸೇಟಿಗೆ ಅಮೆರಿಕದಲ್ಲಿ ಈ ರೋಗಕ್ಕಾಗಿ ಒಪ್ಪಿಗೆ ದೊರೆತುದು ೧೯೮೮ರಲ್ಲಿ. ಇಂದಿಗೂ ಮೊದಲ ಆಸರೆ ಅದೇ. ಅದು ವಾರಕ್ಕೊಮ್ಮೆಯ ಗುಳಿಗೆ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರಿಗೆ ಅದು ಸಲ್ಲದು. ನಡುನಡುವೆ ರಕ್ತಪರೀಕ್ಷೆ ಮಾಡಿಸಬೇಕು.

ಈಗ ಆ ಬೀಡಿ ಕಟ್ಟುವ ತಾಯಿಯ ಪುಡಿಯ ವಿಷಯಕ್ಕೆ ಬರೋಣ. ಹೆಸರಿಲ್ಲದ ಪೊಟ್ಟಣ, ಸೂತ್ರ ಗುಟ್ಟು, ಮೊದಲ ವಾರದಲ್ಲಿಯೇ ನೋವು ಮಾಯ. ಅವರ ಮುಖ ಚಂದ್ರನಂತೆ ದುಂಡಗಾಗಿತ್ತು. ಪುಡಿ ಮುಗಿದೊಡನೆ ನೋವು ಇಮ್ಮಡಿಯಾಗಿ ಮರಳುತ್ತಿತ್ತು. ಆಸ್ಪತ್ರೆಯ ವೈದ್ಯರು ನೋಡಿ, ಇದು ಸ್ಟೀರಾಯ್ಡ್ ತಿಂದವರ ಮುಖವೆಂದರು. ಆ ಪುಡಿ ಚೀನದ ವೈದ್ಯವೂ ಅಲ್ಲ, ಆಯುರ್ವೇದವೂ ಅಲ್ಲ. ಹೆಂಚನ ಔಷಧಿಯನ್ನೇ ಹೆಸರು ಮರೆಸಿ ಮಾರಿದಂತೆ. ಇಂಥದನ್ನು ಬಹುಕಾಲ ತಿಂದವರು ಒಮ್ಮೆಲೇ ನಿಲ್ಲಿಸಿದರೂ ಅಪಾಯವೇ. ವೈದ್ಯರ ಕಣ್ಣಮುಂದೆ ಕ್ರಮವಾಗಿ ಇಳಿಸಬೇಕು. ಅವರಿಗೂ ಹಾಗೆಯೇ ಮಾಡಿ ವಾರದ ಗುಳಿಗೆ ಆರಂಭಿಸಿದರು. ಬಾವು ಇಳಿಯಿತು, ಬೆಳಗಿನ ಬಿಗಿತ ಕಡಿಮೆಯಾಯಿತು. ವಾಲಿದ ಬೆರಳುಗಳು ಮಾತ್ರ ನೇರವಾಗಲಿಲ್ಲ. ಕೊರೆದುಹೋದ ಎಲುಬನ್ನು ಯಾವ ದೇಶದ ಮದ್ದೂ ಮರಳಿ ಕಟ್ಟಿಕೊಡಲಿಲ್ಲ. ನಾಲ್ಕು ವರ್ಷದ ಬೆಲೆ ಅದು. ಹುಡುಗಿ ಶಾಲೆಗೆ ಮರಳಿದಳೆಂಬುದು ನನಗೆ ಸಮಾಧಾನ.

ಆದುದರಿಂದ ಮನೆಯಲ್ಲಿ ಯಾರಿಗಾದರೂ ಎರಡೂ ಕೈಗಳ ಒಂದೇ ಬಗೆಯ ಗಂಟುಗಳು ಬಾತಿದ್ದರೆ, ಬೆಳಗಿನ ಬಿಗಿತ ಒಂದು ಗಂಟೆಗೂ ಮಿಕ್ಕಿ ನಿಲ್ಲುತ್ತಿದ್ದರೆ, ಹೀಗೆ ಆರು ವಾರ ಕಳೆದಿದ್ದರೆ, ಇನ್ನು ಕಾಯಬೇಡಿರಿ. ಕೀಲುರೋಗ ಬಲ್ಲ ವೈದ್ಯರಿಗೆ ತೋರಿಸಿರಿ. ಮರಳಿನ ಶಾಖ, ಪಥ್ಯ, ಸೂಜಿ, ಕಷಾಯ ಯಾವುದನ್ನು ಜೊತೆಗೆ ಮಾಡುವುದಿದ್ದರೂ ಅವರಿಗೆ ಹೇಳಿಯೇ ಮಾಡಿರಿ. ಪೀತ ಚಕ್ರವರ್ತಿಯ ಗ್ರಂಥ, ನಮ್ಮ ಮಾಧವ, ಇಂದಿನ ವಿಜ್ಞಾನ ಇವು ಮೂರೂ ಬೇರೆ ಬೇರೆ ಕಾರಣಗಳನ್ನು ಹೇಳುತ್ತವೆ; ತಡಮಾಡಬಾರದೆಂಬುದರಲ್ಲಿ ಮಾತ್ರ ಮೂವರದೂ ಒಂದೇ ಮಾತು.

ಮುಂದೆಂದಾದರೂ ಮೂಡಬಿದಿರೆಯ ಬಸದಿಗೆ ಹೋದಾಗ ಆ ಕಲ್ಲಿನ ಮೃಗವನ್ನು ಹುಡುಕಿ ನೋಡಿರಿ. ದೂರದಿಂದ ಬಂದುದನ್ನು ನಮ್ಮ ಹಿರಿಯರು ಹೊರಗೆ ನಿಲ್ಲಿಸಲಿಲ್ಲ, ಗರ್ಭಗೃಹಕ್ಕೂ ಒಯ್ಯಲಿಲ್ಲ. ಜಗಲಿಯಲ್ಲಿ, ಎಲ್ಲರೂ ನೋಡಿ ಪರೀಕ್ಷಿಸಬಹುದಾದ ಜಾಗದಲ್ಲಿ, ಕೆತ್ತಿ ಇಟ್ಟರು. ದೂರದ ಮದ್ದಿಗೂ ಅದೇ ಜಾಗ ಸರಿಯಾದುದು.